ಕೆಂಪು ಬಟನ್ ಒತ್ತಿದರೂ ಕರೆಂಟ್ ಹೋಗಲಿಲ್ಲ, ಯಾಕೆ?

ಇಂಡಿ ಹುಡುಗ, ಭೋಸರಿ
ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ತಗಡು ಒತ್ತುವ ಸಣ್ಣ ಪ್ರೆಸ್ ಶಾಪ್. ಹೊಸದಾಗಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. ನಿನ್ನೆ ರಾತ್ರಿ ಪಾಳಿಯಲ್ಲಿ ಒಬ್ಬ ಹೆಲ್ಪರ್‌ಗೆ ಪವರ್ ಪ್ರೆಸ್ ಬಾಡಿಯಿಂದ ಕರೆಂಟ್ ಹೊಡೆಯಿತು. ಕೈ ಹಿಡಿದುಕೊಂಡುಬಿಟ್ಟಿತು. ಒಬ್ಬ ಎಮರ್ಜೆನ್ಸಿ ಬಟನ್ ಒತ್ತಿದ, ಆದರೂ ಬಿಡಲಿಲ್ಲ. ಆಪರೇಟರ್ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ ಮೇಲೆ ಹೆಲ್ಪರ್ ಕೆಳಗೆ ಬಿದ್ದ. ಸ್ವಲ್ಪ ಹೊತ್ತಿಗೆ ಎದ್ದು, ಚಹಾ ಕುಡಿದು, ಏನೂ ಆಗಿಲ್ಲ ಅಂತ ಕೆಲಸಕ್ಕೆ ನಿಂತ. ಇವತ್ತು ತೋಳು ನೋವು ಅಂತಾನೆ. ದವಾಖಾನೆಗೆ ಹೋಗಲೇಬೇಕಾ?

ಹಳೇ ವೈರ್‌ಮನ್, ಚಿಂಚ್ವಾಡ
ತಮ್ಮಾ, ಇದನ್ನು ಪೂರ್ತಿ ಓದುವ ಮೊದಲೇ ಅವನನ್ನು ಕರೆದುಕೊಂಡು ಹೋಗು. ಇಸಿಜಿ ತೆಗೆಸು. ಚರ್ಮದ ಮೇಲೆ ಚುಕ್ಕಿಯಷ್ಟೇ ಸುಟ್ಟಿದ್ದರೂ ಒಳಗೆ ಮಾಂಸ ಬೆಂದಿರಬಹುದು. ಮೂತ್ರ ಕಂದು ಬಣ್ಣ ಆಗಿದೆಯಾ ಕೇಳು, ಆಗಿದ್ದರೆ ಕಿಡ್ನಿಗೆ ಅಪಾಯ. ಡಾಕ್ಟರ್ ಹತ್ತಿರ ಸುಮ್ನೆ ತೋಳು ನೋವು ಅನ್ನಬೇಡಿ. ಕರೆಂಟ್ ಹೊಡೆದು ಕೈ ಹಿಡಿದುಕೊಂಡಿತ್ತು ಅಂತಲೇ ಹೇಳಿ. ಚಹಾ ಕುಡಿಸಿ ಮತ್ತೆ ಮಷೀನಿಗೆ ನಿಲ್ಲಿಸುವುದು ನಮ್ಮ ಶಾಪ್‌ಗಳ ಹಳೇ ಚಾಳಿ.

ಇನ್ನು ಬಟನ್. ಅದು ಸಾಮಾನ್ಯವಾಗಿ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ, ತೆಗೆಯುವ ಸ್ವಿಚ್) ಬೀಳಿಸುತ್ತದೆ, ಮೋಟಾರ್ ನಿಲ್ಲುತ್ತದೆ, ಅಷ್ಟೇ. ಕಾಂಟ್ಯಾಕ್ಟರ್‌ಗೆ ಬರುವ ಕೇಬಲ್‌ನಲ್ಲಿ ಸಪ್ಲೈ ಹಾಗೇ ಇರುತ್ತದೆ. ಆ ಕೇಬಲ್ ಗ್ಲ್ಯಾಂಡ್ ಹತ್ತಿರ, ಅಂದರೆ ಕೇಬಲ್ ಒಳಗೆ ಹೋಗುವ ಜಾಗದಲ್ಲಿ, ಸವೆದು ಬಾಡಿಗೆ ತಾಗಿದ್ದರೆ ಬಟನ್‌ನಿಂದ ಏನೂ ಆಗದು. 415 ವೋಲ್ಟ್ ತ್ರೀ ಫೇಸ್‌ನಲ್ಲಿ ಒಂದು ಫೇಸ್ ಬಾಡಿಗೆ ಬಂದರೂ ನೆಲಕ್ಕೆ 240 ವೋಲ್ಟ್. ಅರ್ಥಿಂಗ್ ಸರಿಯಿದ್ದಿದ್ದರೆ ಫ್ಯೂಸ್ ಹಾರಬೇಕಿತ್ತು. ನನಗೆ ಅನುಮಾನ ಇರುವುದು ಅಲ್ಲೇ. ನಿಮ್ಮ ಆಪರೇಟರ್ ಮಾಡಿದ್ದೇ ಸರಿ.

ಮೇನ್ ದೂರ ಇದ್ದರೆ? ಒಣ ಮರದ ಪ್ಯಾಲೆಟ್ ಇಲ್ಲವೇ ರಬ್ಬರ್ ಮ್ಯಾಟ್ ಮೇಲೆ ನಿಂತು, ಒಣ ಕಟ್ಟಿಗೆಯಿಂದ ತಳ್ಳಬೇಕು. ಕೂಲಂಟ್ (ಮಷೀನ್ ತಣ್ಣಗಿಡುವ ದ್ರವ) ಚೆಲ್ಲಿದ ನೆಲದಲ್ಲಿ ನಿಂತು ಕೈ ಹಾಕಿದರೆ ಇಬ್ಬರೂ ಹೋಗ್ತೀರಿ. ಟ್ರಾನ್ಸ್‌ಫಾರ್ಮರ್ ಯಾರ್ಡ್‌ನಲ್ಲಿ ಮಾತ್ರ ಕಟ್ಟಿಗೆ ಗಿಟ್ಟಿಗೆ ಏನೂ ಬೇಡ. 11 ಕೆವಿ, 22 ಕೆವಿ ಲೈನ್ ಹತ್ತಿರವೇ ಹೋಗಬಾರದು. ಕರೆಂಟ್ ಕಂಪನಿ ಮಹಾವಿತರಣದವರು ಲೈನ್ ಬಂದ್ ಮಾಡಿದ್ದೇವೆ ಅಂದ ಮೇಲಷ್ಟೇ.

ಆಕುರ್ಡಿ ಸಿಸ್ಟರ್
ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿದ್ದವನು ಮಾತಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ತಕ್ಷಣ ಎದೆ ಒತ್ತಲು ಶುರು ಮಾಡಿ. ಎದೆಯ ನಡುಮಧ್ಯ, 5-6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಉಸಿರಾಟ ಅಲ್ಲ, ನಿಲ್ಲಿಸಬೇಡಿ. ಇದೆಲ್ಲ ಕರೆಂಟ್ ತೆಗೆದ ಮೇಲೆ, ನೆನಪಿರಲಿ. ಬಾಯಿಗೆ ನೀರು ಹಾಕುವುದು, ಮಣ್ಣಲ್ಲಿ ಹೂಳುವುದು ಬೇಡವೇ ಬೇಡ.

ಇಂಡಿ ಹುಡುಗ, ಭೋಸರಿ
ಆಸ್ಪತ್ರೆಯಲ್ಲೇ ಇದ್ದೇವೆ. ಇಸಿಜಿ ಆಯ್ತು, ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟಿದ್ದಾರೆ. ಇವತ್ತು ರಾತ್ರಿ ಇಟ್ಟುಕೊಳ್ತಾರಂತೆ. ಮಾಲೀಕರು ಬೆಳಿಗ್ಗೆ ಮಷೀನ್ ಚಾಲೂ ಮಾಡಿ ಅಂತಿದ್ದಾರೆ, ಏನ್ ಮಾಡಲಿ?

ಹಳೇ ವೈರ್‌ಮನ್, ಚಿಂಚ್ವಾಡ
ಮೇನ್‌ಗೆ ಬೀಗ ಹಾಕಿ ಕೀಲಿ ನಿನ್ನ ಜೇಬಿನಲ್ಲಿ ಇಟ್ಟುಕೋ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿ, ಅರ್ಥಿಂಗ್ ನೋಡಿ, ಬರೆದು ಕೊಡಲಿ. ಆಮೇಲೆ ಚಾಲೂ ಮಾಡಿದರಾಯ್ತು. ಅಪಘಾತದ ರಿಜಿಸ್ಟರ್‌ನಲ್ಲಿ ಇವತ್ತೇ ಬರೆಸು. ನಾಳೆ ತೋಳಿನ ನೋವು ಜಾಸ್ತಿ ಆದರೆ ಇಎಸ್‌ಐ ಕಾರ್ಮಿಕ ವಿಮೆಯಲ್ಲಿ ಅವನಿಗೆ ಬೇಕಾಗುವುದು ಅದೇ ಕಾಗದ.