ಸೊಂಟದ ಕೀಲಿನ ಆರ್ತ್ರೋಸ್ಕೋಪಿ: ಕಾಲು ಎಳೆಯುವ ಬಗ್ಗೆ ಗೊತ್ತಿದ್ದವರು ಹೇಳಿ

ಕೇಳಿದವರು: ನನ್ನ ತಮ್ಮನಿಗೆ 29 ವರ್ಷ, 84 ಕೆಜಿ, ಕಬಡ್ಡಿ ಆಡುತ್ತಾನೆ. ಸೊಂಟದ ಕೀಲಿನ ಲೇಬ್ರಮ್, ಅಂದರೆ ಬಟ್ಟಲಿನ ಅಂಚಿನ ಸುತ್ತ ಇರುವ ಮೆತ್ತನೆ ಪಟ್ಟಿ, ಹರಿದಿದೆ. ಮುಂದಿನ ವಾರ ಆಪರೇಷನ್. ಕ್ಯಾಮೆರಾ ಒಳಗೆ ಹೋಗಬೇಕಾದರೆ ಕಾಲು ಎಳೆದು ಕೀಲು ಬಿಡಿಸಬೇಕಂತೆ. "ಇವನದು ಬಿಗಿ ಮೈ, ಸ್ವಲ್ಪ ಜಾಸ್ತಿ ಎಳೆಯಬೇಕಾಗಬಹುದು" ಅಂದರು ಡಾಕ್ಟರು. ಅಮ್ಮನಿಗೆ ಅವತ್ತಿಂದ ನಿದ್ದೆ ಇಲ್ಲ. ತೂಕ ಇಳಿಸಿದರೆ ಸುಲಭ ಆಗುತ್ತಾ? ಮೊದಲೇ ಏನೇನು ಹೇಳಬೇಕು?

ಥಿಯೇಟರ್ ಟೆಕ್ನಿಷಿಯನ್ ಒಬ್ಬರು: ಅಕ್ಕಾ, ವಾರದಲ್ಲಿ ತೂಕ ಇಳಿಸುವ ಗೋಜಿಗೆ ಹೋಗಬೇಡಿ. ತೂಕ ಒಂದನ್ನೇ ನೋಡಿ ಎಷ್ಟು ಎಳೆಯಬೇಕು ಅಂತ ಹೇಳಲು ಬರುವುದಿಲ್ಲ. ದಪ್ಪಗಿದ್ದವರ ಕೀಲು ಸಲೀಸಾಗಿ ಬಿಡುವುದನ್ನೂ ನೋಡಿದ್ದೇನೆ, ತೆಳ್ಳಗಿನ ಓಟಗಾರನದು ಹಟ ಹಿಡಿಯುವುದನ್ನೂ ನೋಡಿದ್ದೇನೆ. ಗಂಡಸರಿಗೆ, ಮಾಂಸಖಂಡ ಗಟ್ಟಿ ಇದ್ದವರಿಗೆ, ಕಾಲು ಒಳಕ್ಕೆ ತಿರುಗಿಸಲು ಆಗದಷ್ಟು ಬಿಗಿ ಇದ್ದವರಿಗೆ ಜಾಸ್ತಿ ಬಲ ಬೇಕು. ತೊಡೆಮೂಳೆಯ ಗುಂಡು ಕೂರುವ ಬಟ್ಟಲು ಆಳ ಇದ್ದರೂ ಅಷ್ಟೇ. ಬಟ್ಟಲು ಆಳ ಇಲ್ಲದವರಿಗೆ, ಮೈ ಬಳುಕುವವರಿಗೆ ಕಡಿಮೆ ಸಾಕು.

ಬೇಕಾಗುವ ಸಂದು ಸುಮಾರು 8ರಿಂದ 10 ಮಿಲಿಮೀಟರ್, ಅಷ್ಟೇ. ಪಾದಕ್ಕೆ ಮೆತ್ತೆ ಸುತ್ತಿ ಬೂಟು ಹಾಕುತ್ತೇವೆ, ಎಕ್ಸ್‌ರೇ ನೋಡುತ್ತಾ ಎಳೆಯುವ ಹಿಡಿಯನ್ನು ಮೆಲ್ಲಗೆ ತಿರುಗಿಸುತ್ತೇವೆ. ಒದ್ದೆ ಲೋಟ ಕಡಪ ಕಲ್ಲಿಗೆ ಕಚ್ಚಿಕೊಳ್ಳುತ್ತದಲ್ಲ, ಕೀಲೂ ಹಾಗೇ ಕಚ್ಚಿಕೊಂಡಿರುತ್ತದೆ. ಸೂಜಿ ಚುಚ್ಚಿ ಗಾಳಿ ಬಿಟ್ಟ ಕೂಡಲೇ, ಅದೇ ಎಳೆತಕ್ಕೆ ಪರದೆ ಮೇಲೆ ಕಪ್ಪು ಸಂದು ಅಗಲ ಆಗುತ್ತದೆ. ಸ್ನಾಯು ಸಡಿಲ ಮಾಡುವ ಔಷಧಿಯನ್ನೂ ಅರಿವಳಿಕೆಯವರು ಕೊಟ್ಟಿರುತ್ತಾರೆ. ಎಳೆಯಲು ಶುರು ಮಾಡಿದ ಸಮಯ ಬರೆದಿಡುತ್ತೇವೆ; 2 ಗಂಟೆ ದಾಟಬಾರದು ಅಂತ ಲೆಕ್ಕ. ಮೂಳೆಯಲ್ಲಿ ಉಬ್ಬು ಇದ್ದರೆ ಅದನ್ನು ಕೆರೆಯುವುದು ಹೆಚ್ಚಾಗಿ ಎಳೆತ ಬಿಟ್ಟ ಮೇಲೇ.

ಭರತನಾಟ್ಯ ಕಲಿತವರು: ನನ್ನದು ಉಲ್ಟಾ ಕಥೆ. ಡಾಕ್ಟರು ಹೆಬ್ಬೆರಳನ್ನು ಮುಂಗೈಗೆ ತಾಗಿಸಿ ಅಂದರು, ತಾಗಿತು. ಮಂಡಿ ಮಡಿಸದೆ ಅಂಗೈ ನೆಲಕ್ಕೆ ಊರಿ ಅಂದರು, ಊರಿದೆ. ಕೀಲು ಎಷ್ಟು ಸಡಿಲ ಅಂತ ಅಳೆಯುವ ಪರೀಕ್ಷೆಯಂತೆ, 9ಕ್ಕೆ 7 ಅಂಕ ಕೊಟ್ಟರು! ಖುಷಿಪಟ್ಟೆ, ಆಮೇಲೆ ನೋಡಿದರೆ ಅದು ಹೊಗಳಿಕೆ ಅಲ್ಲ. ಸಡಿಲ ಕೀಲು ಬೇಗ ಬಿಡುತ್ತದೆ, ಅದಕ್ಕೇ ಹುಷಾರಾಗಿ ಎಳೆಯಬೇಕು, ಕೊನೆಗೆ ಕೀಲಿನ ಚೀಲ ಹೊಲಿಯಬೇಕು ಅಂದರು. ನಿಮ್ಮ ತಮ್ಮನಿಗೆ ಈ ತಾಪತ್ರಯ ಇರಲಿಕ್ಕಿಲ್ಲ.

ಎರಡು ವರ್ಷದ ಹಿಂದೆ ಮಾಡಿಸಿಕೊಂಡವನು: ನಾನೂ ಬಿಗಿ ಮೈಯವನೇ, ಜಿಮ್ ಹುಚ್ಚು. ಯಾರೂ ಬಾಯಿಬಿಟ್ಟು ಹೇಳದ ವಿಷಯ ಹೇಳುತ್ತೇನೆ. ಎಳೆಯುವಾಗ ಮೈ ಜಾರದಂತೆ ತೊಡೆಸಂದಿಗೆ ಒಂದು ಕಂಬ ಕೊಡುತ್ತಾರೆ. ಅದು ಒತ್ತಿ ನನಗೆ ಆ ಜಾಗ ಮೂರು ವಾರ ಮರಗಟ್ಟಿತ್ತು. ನಾಚಿಕೆಯಿಂದ ಹೆಂಡತಿಗೂ ಹೇಳಲಿಲ್ಲ. ಎರಡನೇ ಚೆಕಪ್‌ನಲ್ಲಿ ಹೇಳಿದರೆ ಡಾಕ್ಟರು, "ನರ ಒತ್ತಿದೆ, ಸಾಮಾನ್ಯವಾಗಿ ತಾನಾಗೇ ಸರಿಹೋಗುತ್ತೆ, ಮೊದಲೇ ಹೇಳೋದಲ್ವಾ" ಅಂದರು. ಸರಿಹೋಯಿತು. ಈಗ ಕೆಲವು ಕಡೆ ಕಂಬ ಇಲ್ಲದೆ, ತಲೆ ಕಡೆ ಟೇಬಲ್ ಸ್ವಲ್ಪ ತಗ್ಗಿಸಿ, ಜಾರದ ಮೆತ್ತೆ ಹಾಕಿ ಎಳೆಯುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಕೇಳಿ, ತಪ್ಪಿಲ್ಲ.

ಟೆಕ್ನಿಷಿಯನ್ ಮತ್ತೆ: ಒಂದು ಮರೆತೆ. ಎಳೆತ ಬೀಳುವುದು ಪಾದದಿಂದ, ಹಿಮ್ಮಡಿ, ಮಂಡಿ ದಾಟಿ ಮೇಲಕ್ಕೆ. ಆ ಕಾಲಿಗೆ ಹಳೇ ಪೆಟ್ಟು, ಪ್ಲೇಟು, ಲಿಗಮೆಂಟ್ ಆಪರೇಷನ್ ಏನಾದರೂ ಇದೆಯಾ? ಇದ್ದರೆ ಈಗಲೇ ಹೇಳಿ.

ಕೇಳಿದವರು: ಅಯ್ಯೋ, ಇದೆ! ಅದೇ ಕಾಲಿನ ಮಂಡಿಗೆ ನಾಲ್ಕು ವರ್ಷದ ಹಿಂದೆ ಲಿಗಮೆಂಟ್ ಹಾಕಿಸಿದ್ದೆವು. "ಮಂಡಿಗೂ ಸೊಂಟಕ್ಕೂ ಏನು ಸಂಬಂಧ" ಅಂತ ಇವನು ಹೇಳೇ ಇಲ್ಲ. ಅಟ್ಟದಿಂದ ಹಳೇ ಫೈಲು ಇಳಿಸಿದೆ, ಎಮ್‌ಆರ್‌ಐ ಶೀಟು ಅದರಲ್ಲೇ ಇದೆ. ನಾಳೆ ತೋರಿಸಿಕೊಂಡು ಬರುತ್ತೇವೆ.