ಚರ್ಚಿನಲ್ಲಿ ವೇದಪಾಠ (ಬೈಬಲ್ ಭಾಗ) ಓದುವಾಗ ತಡವರಿಸಿದ ಹುಡುಗಿಗೆ ಒಂದು ಮಾತು ಅಂದುಬಿಟ್ಟೆ. ಈಗ ಹೇಗೆ ಸರಿಮಾಡಲಿ?

ಕುಂಬಳೆ ಟೀಚರ್ ಬರೆದಿದ್ದು:

ಎಲ್ಲರಿಗೂ ವಂದನೆ. ನಾನು ಕಾಸರಗೋಡಿನ ಕುಂಬಳೆ ಕಡೆಯವಳು. ಇಪ್ಪತ್ತೆಂಟು ವರ್ಷ ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮದು ಚಿಕ್ಕ ಕ್ರೈಸ್ತ ಸಭೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಬಂದ ಹಳೆ ಮನೆತನಗಳು ಕೆಲವು, ಆಮೇಲೆ ಬಂದು ಸೇರಿದವರು ಕೆಲವರು. ಭಾನುವಾರ ಜಾಸ್ತಿ ಅಂದರೆ ಅರವತ್ತು ಜನ. ಯಾವ ವಾರ ಯಾರು ವೇದಪಾಠ ಓದಬೇಕು ಎಂದು ಪಟ್ಟಿ ಮಾಡುವ ಕೆಲಸ ನನ್ನದು.

ಕಳೆದ ತಿಂಗಳು ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಹೆಸರು ಹಾಕಿದ್ದೆ. ಅಪ್ಪ ಕಣ್ಣೂರು ಕಡೆಯವರು, ಅಮ್ಮ ನಮ್ಮ ಊರಿನವರೇ. ಅವಳು ಕಲಿಯುತ್ತಿರುವುದು ಮಲಯಾಳಂ ಮೀಡಿಯಮ್ಮಿನಲ್ಲಿ. ಕನ್ನಡ ಅಕ್ಷರ ಮನೆಯಲ್ಲಿ ಅಮ್ಮ ಹೇಳಿಕೊಟ್ಟಿದ್ದು. ಅವತ್ತಿನ ಪಾಠ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಗೊತ್ತಿದ್ದವರಿಗೆ ಗೊತ್ತು, ಆ ಅಧ್ಯಾಯದ ತುಂಬ ಹೆಸರುಗಳೇ. ದೊಡ್ಡವರೂ ಎಡವುವ ಹೆಸರುಗಳು.

ಒಂಬತ್ತನೇ ವಚನದವರೆಗೆ ಚೆನ್ನಾಗಿಯೇ ಓದಿದಳು. ಆಮೇಲೆ ಏನಾಯಿತೋ, ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ತ್ರುಫೈನ, ತ್ರುಫೋಸ ಎನ್ನುವಲ್ಲಿ ಮೂರು ಸಲ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕಿವಿ ಕೆಂಪಾಗಿತ್ತು, ಆದರೂ ಬಿಡದೆ ಹದಿನಾರನೇ ವಚನದವರೆಗೆ ಓದಿ ಮುಗಿಸಿ ಇಳಿದಳು.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಾನು ಅಂದೆ: "ಮನೆಯಲ್ಲಿ ಒಂದು ಸಲ ಓದಿಕೊಂಡು ಬರಬಾರದಿತ್ತಾ ಮಗಾ? ದೇವರ ವಾಕ್ಯ ಅಲ್ವಾ?" ಜೋರಾಗಿ ಹೇಳಲಿಲ್ಲ. ಆದರೆ ಸುತ್ತ ನಾಲ್ಕೈದು ಜನ ಇದ್ದರು. ಸಂಜೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಕನ್ನಡ ಬಾರದವರನ್ನು ಯಾಕೆ ನಿಲ್ಲಿಸುತ್ತೀರಿ ಎಂದು ಹಾಕಿದರು. ಅದರ ಕೆಳಗೆ ಹೆಬ್ಬೆರಳಿನ ಗುರುತುಗಳ ಸಾಲು. ನಾನು ನೋಡಿದೆ, ಏನೂ ಬರೆಯಲಿಲ್ಲ.

ಆಮೇಲೆ ಮೂರು ಭಾನುವಾರ ಅವಳು ಬಂದಿಲ್ಲ.

ಮೊನ್ನೆ ಶನಿವಾರ ಪೀಠದ ಬಟ್ಟೆ ಬದಲಿಸಲು ಹೋಗಿದ್ದೆ. ಓದುವ ಸ್ಟ್ಯಾಂಡಿನ ಕೆಳಗೆ, ಗೋಡೆಯ ಸಂದಿಯಲ್ಲಿ ಒಂದು ಕಾಗದ ಸಿಕ್ಕಿತು. ಎರಡು ಗೆರೆಯ ನೋಟ್ ಪುಸ್ತಕದ ಹಾಳೆ. ಪೆನ್ಸಿಲಿನಲ್ಲಿ ಮಲಯಾಳಂ ಅಕ್ಷರ. ನನಗೆ ಮಲಯಾಳಂ ಬಸ್ ಬೋರ್ಡ್ ಓದುವಷ್ಟೇ ಬರುವುದು, ಆದರೂ ಕೂಡಿಸಿ ಓದಿದೆ. ಅ-ಪೆ-ಲ್ಲ. ಅ-ರಿ-ಸ್ತೊ-ಬೂ-ಲ. ಪ್ರತಿ ಹೆಸರನ್ನೂ ಸಣ್ಣ ಸಣ್ಣ ಗೆರೆ ಹಾಕಿ ತುಂಡು ಮಾಡಿದ್ದಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಚುಕ್ಕಿ ಇಟ್ಟಿದ್ದಳು. ಅಳಿಸಿ ಬರೆದು ಅಳಿಸಿ ಬರೆದು ಒಂದು ಕಡೆ ಕಾಗದ ಹರಿದೇ ಹೋಗಿತ್ತು. ಹತ್ತನೇ ವಚನದಿಂದ ಮುಂದಿನ ಭಾಗ ಅದು. ಮೊದಲ ಹಾಳೆ ಮುಗಿಸಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅದು ಫ್ಯಾನಿನ ಗಾಳಿಗೆ ಹಾರಿ ಬಿದ್ದಿರಬೇಕು. ಮತ್ತೆ ಅವಳು ಓದಿದ್ದು ನೇರ ಕನ್ನಡ ಬೈಬಲಿನಿಂದ.

ಒಂದು ಸಲ ಓದಿಕೊಂಡು ಬರಬಾರದಿತ್ತಾ ಎಂದು ನಾನು ಕೇಳಿದ್ದು ಈ ಹುಡುಗಿಯನ್ನು. ಮೂರು ದಿನದಿಂದ ನಿದ್ದೆ ಸರಿಯಾಗಿಲ್ಲ.

ಹೋಗಿ ಕ್ಷಮೆ ಕೇಳಬೇಕು, ಅದು ಗೊತ್ತು. ಹೇಗೆ ಹೋಗಲಿ, ಏನು ಹೇಳಲಿ? ಇನ್ನೊಂದು ವಿಷಯವೂ ಇದೆ. ಇದು ನನ್ನೊಬ್ಬಳ ಮಾತಿನ ಪ್ರಶ್ನೆ ಅಲ್ಲ. ನಮ್ಮಲ್ಲಿ ಆರಾಧನೆ ಮುಗಿದು ಅಂಗಳಕ್ಕೆ ಬಂದರೆ ಶುರುವಾಗುವುದೇ ಇದು. ಅಯ್ಯನವರ (ಪಾದ್ರಿಯವರ) ಪ್ರಸಂಗ ಉದ್ದ ಆಯಿತು, ಹಾಡು ಕೆಳಗೆ ಹಿಡಿದರು, ಇವರ ಮಗಳ ಚೂಡಿದಾರ, ಅವರ ಮನೆಯ ಪ್ರಾರ್ಥನಾ ಕೂಟದ ಚಾ. ಯಾರಾದರೂ ಚೆನ್ನಾಗಿ ಮಾಡಿದರೆ ಸುಮ್ನೆ ಮನೆಗೆ ಹೋಗುತ್ತೇವೆ. ನಿಮ್ಮಲ್ಲೂ ಹೀಗೆಯೇ ಇತ್ತಾ? ಬದಲಾಗಿದ್ದರೆ ಹೇಗೆ ಬದಲಾಯಿತು?

ಬೇಳದ ಮಗಳು:

ಟೀಚರೇ, ನಾನು ಬೇಳದವಳು, ಕೆಥೊಲಿಕ್. ಇಗರ್ಜಿ ಬೇರೆ ಆದರೂ ಕಥೆ ಒಂದೇ.

ಹದಿನಾಲ್ಕನೇ ವಯಸ್ಸಿನಲ್ಲಿ ಕೊಯರಿನಲ್ಲಿ ಹಾಡುತ್ತಿದ್ದೆ. ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ, ನೊವೇನ ಪ್ರಾರ್ಥನೆ ನಡೆಯುತ್ತಿತ್ತು. ಒಂಬತ್ತು ದಿನ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ತರುತ್ತಿದ್ದೆವು. ಐದನೇ ದಿನ ಒಬ್ಬರು ಹೆಂಗಸು ನನ್ನ ಅಮ್ಮನ ಎದುರಿಗೇ, "ಇವಳ ಸ್ವರ ಮೇಲೆ ಹೋಗುವಾಗ ಒಡೆಯುತ್ತದೆ, ಮೈಕಿನಿಂದ ದೂರ ನಿಲ್ಲಿಸಿ" ಎಂದರು. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ತೆಗೆದುಕೊಂಡು ಮನೆಗೆ ಬಂದದ್ದೇ ಕೊನೆ. ಮತ್ತೆ ಹದಿನೇಳು ವರ್ಷ ಇಗರ್ಜಿಯಲ್ಲಿ ಬಾಯಿ ತೆರೆದು ಹಾಡಲಿಲ್ಲ. ಆ ಹೆಂಗಸು ಕೆಟ್ಟವರಲ್ಲ. ನಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನಾ ಗಂಜಿ ತಂದುಕೊಟ್ಟವರು. ಆದರೂ ಆ ಮಾತು ಹೋಗಲಿಲ್ಲ.

ಮತ್ತೆ ಹಾಡಿಸಿದ್ದು ಒಬ್ಬರು ಸಿಸ್ಟರ್. ಅವರು ನನ್ನ ಹತ್ತಿರ "ನೀನು ಚೆನ್ನಾಗಿ ಹಾಡ್ತೀಯ" ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. "ಇವತ್ತು ಎರಡನೇ ಚರಣದಲ್ಲಿ ನೀನು ಎಳೆದದ್ದರಿಂದ ಉಳಿದವರಿಗೆ ದಾರಿ ಸಿಕ್ಕಿತು." ಇಂಥದ್ದು. ಒಂದು ದಿನಕ್ಕೆ ಒಂದೇ ಮಾತು, ಆದರೆ ನೋಡಿ ಹೇಳಿದ ಮಾತು.

ಅದಕ್ಕೇ ಹೇಳುತ್ತೇನೆ, ಆ ಹುಡುಗಿಯ ಹತ್ತಿರ ಹೋಗಿ ಸುಮ್ನೆ ಹೊಗಳಬೇಡಿ. ಕಾಗದ ತೆಗೆದುಕೊಂಡು ಹೋಗಿ. ಚುಕ್ಕಿ ಇಟ್ಟದ್ದು ನೋಡಿದೆ ಎಂದು ಹೇಳಿ. ಅಷ್ಟು ಸಾಕು. ಅವಳೇನೂ ಹೇಳದಿದ್ದರೆ ಒತ್ತಾಯ ಮಾಡಬೇಡಿ.

ಮಂಜೇಶ್ವರದ ಹಿರಿಯ:

ಟೀಚರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಪ್ರೋತ್ಸಾಹ ಪ್ರೋತ್ಸಾಹ ಎಂದು ಯಾರೂ ಯಾರಿಗೂ ಏನೂ ಹೇಳದೆ ಹೋದರೆ ಸಭೆ ಉಳಿಯುವುದಿಲ್ಲ. ನಾನು ಲೆಕ್ಕಪತ್ರ ನೋಡುವವನು. ಲೆಕ್ಕ ತಪ್ಪಿದಾಗ ಮನಸ್ಸಿಗೆ ನೋವಾದೀತು ಎಂದು ಬಾಯಿ ಮುಚ್ಚಿಕೊಂಡ ಸಭೆಗಳ ಗತಿ ಏನಾಯಿತು ಎಂದು ಕಣ್ಣಾರೆ ಕಂಡಿದ್ದೇನೆ. ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಎದುರಿಗೇ ತಪ್ಪು ಎಂದನಲ್ಲ? ಗಲಾತ್ಯದವರಿಗೆ ಬರೆದ ಪತ್ರ, ಎರಡನೇ ಅಧ್ಯಾಯ. ಕನ್ನಡದ ವಿಷಯವೂ ಹಾಗೆಯೇ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಒಂದೊಂದೇ ಮನೆಯಲ್ಲಿ ಕನ್ನಡ ಓದುವುದು ನಿಂತಿತು. ದೇವಾಲಯದಲ್ಲಾದರೂ ಶುದ್ಧವಾಗಿ ಇರಲಿ ಎಂದು ಬಯಸಿದರೆ ತಪ್ಪಾ?

ಕುಂಬಳೆ ಟೀಚರ್:

ಬೇಳದ ಮಗಳೇ, ನಿಮ್ಮ ಹದಿನೇಳು ವರ್ಷದ ಮಾತು ಓದಿ ಕಣ್ಣು ತುಂಬಿತು. ಕಾಗದ ತೆಗೆದುಕೊಂಡೇ ಹೋಗುತ್ತೇನೆ.

ಅಣ್ಣಾ, ನೀವು ಹೇಳಿದ್ದನ್ನು ನಾನೂ ಇಷ್ಟು ವರ್ಷ ನಂಬಿದ್ದೆ. ಈಗಲೂ ಅರ್ಧ ಒಪ್ಪುತ್ತೇನೆ. ಲೆಕ್ಕ ತಪ್ಪಿದರೆ ಹೇಳಲೇಬೇಕು. ಪೇತ್ರನ ತಪ್ಪೂ ಸಣ್ಣದಲ್ಲ, ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂತವನು ಯಾಕೋಬನ ಕಡೆಯ ಯೆಹೂದ್ಯರು ಬಂದದ್ದೇ ಎದ್ದು ಹಿಂದೆ ಸರಿದ. ಅದರಿಂದ ಸಭೆಯೇ ಎರಡಾಗುತ್ತಿತ್ತು. ತ್ರುಫೋಸ ಎನ್ನುವಾಗ ನಾಲಿಗೆ ತೊಡರಿದರೆ ಯಾವ ಸಭೆ ಒಡೆಯುತ್ತದೆ? ನಾವು ದೊಡ್ಡ ತಪ್ಪಿಗೆ ಸುಮ್ಮನಿದ್ದು ಸಣ್ಣ ತಪ್ಪಿಗೆ ಬಾಯಿ ಬಿಡುತ್ತೇವೆ ಅಣ್ಣಾ. ಇನ್ನೊಂದು, ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಎಂದು ಮತ್ತಾಯ 18ರಲ್ಲಿ ಕರ್ತನೇ ಹೇಳಿದ್ದಾನೆ. ಬಾಗಿಲ ಹತ್ತಿರ ನಾಲ್ಕು ಜನರ ನಡುವೆ ಅಲ್ಲ, ವಾಟ್ಸಾಪಿನಲ್ಲಂತೂ ಅಲ್ಲವೇ ಅಲ್ಲ.

ಉಪ್ಪಳದ ಹುಡುಗಿ, ಈಗ ದೇರಳಕಟ್ಟೆ:

ನಾನು ನರ್ಸಿಂಗ್ ಓದುತ್ತಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಇದನ್ನು ಓದಿದೆ. ಟೀಚರ್, ನಾನೂ ಆ ಹುಡುಗಿಯ ಹಾಗೇ ಮಲಯಾಳಂ ಮೀಡಿಯಮ್ಮಿನಲ್ಲಿ ಓದಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳಂ, ದೇವಾಲಯದಲ್ಲಿ ಕನ್ನಡ. ಮೂರರಲ್ಲೂ ಯಾರಾದರೊಬ್ಬರು ತಿದ್ದುತ್ತಲೇ ಇರುತ್ತಾರೆ. ನಮ್ಮ ಭಾಷೆ ಯಾವುದು ಎಂದು ನಮಗೇ ಗೊತ್ತಾಗುವುದಿಲ್ಲ. ತಪ್ಪು ಹೇಳಿದರೆ ಬೇಜಾರಿಲ್ಲ, ನಿಜವಾಗಿಯೂ. ಓದುವ ಮೊದಲೇ ಒಬ್ಬರು ಜೊತೆಗೆ ಕೂತು ಹೇಳಿಕೊಟ್ಟಿದ್ದರೆ ಎಂದು ಮಾತ್ರ ಅನಿಸುತ್ತದೆ. ಪಟ್ಟಿಯಲ್ಲಿ ಹೆಸರು ಹಾಕುತ್ತಾರೆ. ಓದಿದ ಮೇಲೆ ಮಾತಾಡುತ್ತಾರೆ. ನಡುವಿನ ಆರು ದಿನ ಯಾರೂ ಇರುವುದಿಲ್ಲ.

ನಿಮ್ಮ ಪೋಸ್ಟ್ ನೋಡಿದ ಮೇಲೆ ಆ ಅಧ್ಯಾಯ ತೆಗೆದು ಓದಿದೆ. ಹೆಸರುಗಳ ಪಟ್ಟಿ ಎಂದು ನಾನು ಯಾವಾಗಲೂ ಹಾರಿಸಿಬಿಡುತ್ತಿದ್ದೆ. ಟೀಚರ್, ಅದು ಪೂರ್ತಿ ಪ್ರೋತ್ಸಾಹವೇ! ಪೌಲ ಇಪ್ಪತ್ತಕ್ಕೂ ಜಾಸ್ತಿ ಜನರನ್ನು ನೆನೆಯುತ್ತಾನೆ. ಅದರಲ್ಲಿ ಎಷ್ಟೋ ಜನರಿಗೆ ಅವರವರದ್ದೇ ಒಂದು ಮಾತು. ಫೊಯಿಬೆ ಅನೇಕರಿಗೆ ಸಹಾಯ ಮಾಡಿದವಳು, ನನಗೂ ಮಾಡಿದ್ದಾಳೆ ಎನ್ನುತ್ತಾನೆ. ಪ್ರಿಸ್ಕ, ಅಕ್ವಿಲ ನನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಕೊಡಲು ಸಿದ್ಧರಿದ್ದವರು ಎನ್ನುತ್ತಾನೆ. ರೂಫನ ತಾಯಿ ನನಗೂ ತಾಯಿ ಎನ್ನುತ್ತಾನೆ. ಆ ಹುಡುಗಿ ಎಡವಿದ ತ್ರುಫೈನ, ತ್ರುಫೋಸ ಇದ್ದಾರಲ್ಲ, ಅವರು ಕರ್ತನ ಕೆಲಸದಲ್ಲಿ ದುಡಿದವರು. ಅವರ ಬಗ್ಗೆ ಬೈಬಲಿನಲ್ಲಿ ಇರುವುದು ಆ ಒಂದೇ ಸಾಲು. ಕೊನೆಗೆ ಪತ್ರ ಬರೆದುಕೊಟ್ಟ ತೆರ್ತ್ಯನಿಗೂ ತನ್ನದೇ ಒಂದು ಸಾಲು ವಂದನೆ ಹೇಳಲು ಜಾಗ ಇದೆ, 22ನೇ ವಚನ. ಬೇಳದ ಅಕ್ಕನ ಸಿಸ್ಟರ್ ಮಾಡಿದ್ದೂ ಇದನ್ನೇ ಅಲ್ವಾ?

ಮಂಜೇಶ್ವರದ ಹಿರಿಯ:

ಮಗಳೇ, ನೀನು ಹೇಳಿದ್ದನ್ನು ರಾತ್ರಿ ಕೂತು ಯೋಚಿಸಿದೆ. ನಾನು ಬರೆದಿದ್ದರಲ್ಲಿ ಒಂದು ಕಡೆ ತಪ್ಪಿದ್ದೇನೆ.

ದೇವಾಲಯದಲ್ಲಿ ಶುದ್ಧ ಕನ್ನಡ ಎಂದೆನಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಯಾವ ಕನ್ನಡ ಇತ್ತು? ಕಿಟೆಲ್ ಬಂದದ್ದು 1853ರಲ್ಲಿ. ಇಪ್ಪತ್ತೊಂದು ವರ್ಷದ ಹುಡುಗ. ಅವರಿಗೂ ಅ ಆ ಇ ಈಯಿಂದಲೇ ಶುರು. ಳಕಾರ, ಣಕಾರ ಅವರ ನಾಲಿಗೆಗೆ ಒಗ್ಗಲು ಎಷ್ಟು ದಿನ ಬೇಕಾಗಿರಬಹುದು! ನಮ್ಮ ನಾಡಿನ ಯಾರೋ ಪಂಡಿತರು, ಯಾರೋ ಸಾಮಾನ್ಯ ಜನ ಪಕ್ಕದಲ್ಲಿ ಕೂತು ಅವರ ತಪ್ಪು ಕನ್ನಡವನ್ನು ಕೇಳಿಸಿಕೊಂಡಿದ್ದಾರೆ. ಅದಾಗಿ ನಲವತ್ತೊಂದು ವರ್ಷಕ್ಕೆ, 1894ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನ ಪ್ರೆಸ್ಸಿನಲ್ಲಿ ಅಚ್ಚಾಯಿತು. ಪರದೇಶದವರಿಗೆ ಅಷ್ಟು ತಾಳ್ಮೆ ತೋರಿಸಿದ ಊರು ಇದು. ನಮ್ಮ ಮನೆಯ ಮಗುವಿಗೆ ಹದಿನಾರು ವಚನದಷ್ಟು ತಾಳ್ಮೆ ಇಲ್ಲದೆ ಹೋಯಿತಾ ಎಂದು ಅನಿಸಿತು.

ಪೌಲನ ಉದಾಹರಣೆ ಕೊಟ್ಟೆ. ಅದೇ ಪೌಲ ತನ್ನ ಜೊತೆ ಸುವಾರ್ತೆ ಸಾರಲು ಹೊರಟಿದ್ದ ಮಾರ್ಕನ ವಿಷಯದಲ್ಲಿ ಏನು ಮಾಡಿದ? ಪಂಫುಲ್ಯದಲ್ಲಿ ಬಿಟ್ಟುಹೋದವನು, ಇನ್ನು ಜೊತೆಗೆ ಬೇಡ ಎಂದ. ಪೌಲನ ಜೊತೆಗಾರ ಬಾರ್ನಬ ಬಿಡಲಿಲ್ಲ. ಪೌಲನಂಥ ಗೆಳೆಯನ ಜೊತೆಗೇ ಜಗಳವಾದರೂ ಹುಡುಗನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ಎಷ್ಟೋ ವರ್ಷದ ಮೇಲೆ ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಗೆ ಬೇಕಾದವನು ಎಂದು. ಬಾರ್ನಬನಿಗೆ ಆ ಹೆಸರು ಇಟ್ಟಿದ್ದು ಅಪೊಸ್ತಲರು. ಹುಟ್ಟಿದಾಗಿನ ಹೆಸರು ಯೋಸೇಫ. ಧೈರ್ಯ ಹೇಳುವುದೇ ಅವನ ಗುರುತಾಯಿತು, ಹೆಸರೂ ಅದೇ ಆಯಿತು. ಲೆಕ್ಕದ ವಿಷಯದಲ್ಲಿ ನನ್ನ ಮಾತು ಬದಲಿಲ್ಲ. ಉಳಿದದ್ದಕ್ಕೆ ಟೀಚರಿನ ಕ್ಷಮೆ ಕೇಳುತ್ತೇನೆ.

ಕುಂಬಳೆ ಟೀಚರ್:

ಅಣ್ಣಾ, ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ನೀವು ಬರೆದದ್ದರಿಂದ ನನಗೆ ಧೈರ್ಯ ಬಂತು.

ನಿನ್ನೆ ಸಂಜೆ ಹೋಗಿದ್ದೆ. ಮಳೆ ಹನಿಯುತ್ತಿತ್ತು. ಅವಳ ಅಮ್ಮ ಬಾಗಿಲು ತೆಗೆದವರು ಮೊದಲು ಏನೂ ಮಾತಾಡಲಿಲ್ಲ. ನಾನು ಕಾಗದ ತೆಗೆದು ಮೇಜಿನ ಮೇಲಿಟ್ಟೆ. "ಮೂರು ದಿನ ಬರೆದಳು ಟೀಚರೇ" ಎಂದರು, ಅಷ್ಟೇ. ಹುಡುಗಿ ಒಳಗಿನಿಂದ ಬಂದು ನಿಂತಳು. ನಾನು ಹೇಳಿದೆ, ಮಗಾ, ನೀನು ಓದಿಕೊಂಡು ಬಂದಿದ್ದೆ, ನಾನು ವಿಚಾರಿಸದೆ ಮಾತಾಡಿದೆ, ಎಲ್ಲರ ಎದುರಿಗೆ ಆಡಿದೆ, ತಪ್ಪಾಯಿತು. ಅವಳು ನೆಲ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಒತ್ತಾಯ ಮಾಡಬೇಡಿ ಎಂದಿದ್ದು ನೆನಪಿತ್ತು, ಸುಮ್ಮನಾದೆ.

ಸ್ವಲ್ಪ ಹೊತ್ತಾದ ಮೇಲೆ ಕಾಗದದ ಒಂದು ಅಕ್ಷರ ತೋರಿಸಿ ಇದೇನು ಎಂದು ಕೇಳಿದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿದಳು. ಹಾಗೇ ಮಾತು ಮಳೆಗೆ ಬಂತು. ಮಲಯಾಳದಲ್ಲಿ ಮೞ. ಹಳಗನ್ನಡದಲ್ಲೂ ಮೞೆ ಎಂದೇ ಇತ್ತು, ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ನಾಲಿಗೆಯಲ್ಲಿ ಬರಲಿಲ್ಲ. ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ಅವಳು ಕಾದಳು. "ನಾಲಿಗೆ ಮೇಲೆ ತಾಗಿಸಬೇಡಿ ಟೀಚರ್, ಹಿಂದೆ ಎಳೆದು ಹಾಗೇ ಬಿಡಿ" ಎಂದಳು. ಐದನೇ ಸಲ ಹೇಳಿದಾಗ "ಈಗ ಹತ್ತಿರ ಬಂತು" ಎಂದಳು.

ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ ನಾನೇ ಬರೆದೆ, ಆ ಎರಡನೇ ಹಾಳೆಯ ವಿಷಯ ಪೂರ್ತಿ, ನಾನು ಬಾಗಿಲಲ್ಲಿ ಆಡಿದ ಮಾತೂ ಸೇರಿಸಿ. ಆ ಮೆಸೇಜ್ ಹಾಕಿದ್ದವರು ಬೆಳಿಗ್ಗೆ ಫೋನ್ ಮಾಡಿದರು. ಇನ್ನು ಮುಂದೆ ಪಟ್ಟಿಯನ್ನು ಹದಿನೈದು ದಿನ ಮೊದಲೇ ಕೊಡುತ್ತೇನೆ. ಬೇಕಾದವರು ಗುರುವಾರ ಸಂಜೆ ನಮ್ಮ ಮನೆಗೆ ಬಂದರೆ ಜೊತೆಗೆ ಕೂತು ಓದೋಣ ಎಂದು ಹೇಳಿದ್ದೇನೆ. ಉಪ್ಪಳದ ಮಗಳೇ, ಆರು ದಿನದ ಮಾತು ನಿನ್ನದು.

ಈ ಭಾನುವಾರ ಅವಳು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾಗದ ಮಾತ್ರ ತಾನೇ ತೆಗೆದುಕೊಂಡಳು, ಮಡಚಿ ಬೈಬಲಿನ ಒಳಗೆ ಇಟ್ಟಳು. ಹೊರಡುವಾಗ ಕೊಡೆ ಹಿಡಿದು ರಸ್ತೆಯವರೆಗೆ ಬಂದು ಬಸ್ ಹತ್ತಿಸಿದಳು.