24 ರೂಮಿನ ಲಾಡ್ಜಿಗೆ ಕೀ ಇಲ್ಲದ ಬೀಗ: ಕಾರ್ಡಾ, ನಂಬರಾ? ಹಾಕಿಸಿದವರು ಹೇಳಿ

ಸಾಗರದ ಲಾಡ್ಜ್:
ಸಾಗರದಲ್ಲಿ ನಮ್ಮದು 24 ರೂಮಿನ ಲಾಡ್ಜ್. ಅಪ್ಪ 1989ರಲ್ಲಿ ಕಟ್ಟಿಸಿದ್ದು. ಕೆಳಗಿನ 10 ರೂಮಿಗೆ ಹಲಸಿನ ಬಾಗಿಲು. ಮೇಲಿನ 14ಕ್ಕೆ ಆಮೇಲೆ ಹಾಕಿಸಿದ ಫ್ಲಶ್ ಡೋರ್, ದಪ್ಪ 32 ಮಿ.ಮೀ. ಪ್ರತಿ ಕೀಗೂ ಅಂಗೈ ಅಗಲದ ಹಿತ್ತಾಳೆ ಬಿಲ್ಲೆ ಇದೆ. ಜೇಬಿಗೆ ಹಾಕಿಕೊಂಡು ಹೋಗಬಾರದು ಅಂತ ಅಪ್ಪನ ಐಡಿಯಾ. ಆದರೂ ಹೋಗುತ್ತಾರೆ. ಹೋದ ತಿಂಗಳು 108ರ ಕೀ ಬಿಲ್ಲೆ ಸಮೇತ ಬಾಗಲಕೋಟೆಗೆ ಹೋಯಿತು. ಕೊರಿಯರ್ ಮಾಡುತ್ತೇನೆ ಅಂದವರು ಈಗ ಫೋನ್ ಎತ್ತುತ್ತಿಲ್ಲ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆದ ಮೇಲೆ ರಾತ್ರಿ 11ಕ್ಕೂ ಗಿರಾಕಿ ಬರುತ್ತಾರೆ. ಮ್ಯಾನೇಜರ್‌ಗೆ 61 ವರ್ಷ, ಅಪ್ಪನ ಕಾಲದವರು. ಬಜೆಟ್ 2 ಲಕ್ಷ. ನನ್ನ ಪ್ರಶ್ನೆ ಎರಡೇ. 32 ಮಿ.ಮೀ. ಬಾಗಿಲಿಗೆ ಈ ಬೀಗಗಳು ಕೂರುತ್ತವಾ? ಮಳೆಗಾಲದಲ್ಲಿ ಉಬ್ಬುವ ಬಾಗಿಲಿಗೆ ಏನು ಮಾಡಿದಿರಿ? ಜೋಗಕ್ಕೆ ಜನ ಬರುವುದೇ ಆಗ.

ಕಡಲತೀರ 18:
ನಾನು 2019ರಲ್ಲಿ ಮಲ್ಪೆ ಹತ್ತಿರ 18 ರೂಮಿಗೆ ಕಾರ್ಡ್ ಬೀಗ ಹಾಕಿಸಿದೆ. ಲೆಕ್ಕ ಬಾಯಿಪಾಠ ಆಗಿದೆ, ಬರೆದುಕೊಳ್ಳಿ. ಬೀಗ ಒಂದಕ್ಕೆ 4,200, 18ಕ್ಕೆ 75,600. ಕಾರ್ಡ್ ಬರೆಯುವ ಎನ್‌ಕೋಡರ್ 6,500. ಎನರ್ಜಿ ಸೇವರ್ ಸ್ವಿಚ್ (ಕಾರ್ಡ್ ಸಿಕ್ಕಿಸಿದರೆ ಮಾತ್ರ ರೂಮಿಗೆ ಕರೆಂಟ್) 650ರಂತೆ 11,700. ಕಾರ್ಡ್ 200, ಒಂದಕ್ಕೆ 22ರಂತೆ 4,400. ಇಷ್ಟಕ್ಕೂ 18 ಪರ್ಸೆಂಟ್ ಜಿಎಸ್‌ಟಿ 17,676. ಬಡಗಿಗೆ ಬಾಗಿಲಿಗೆ 500ರಂತೆ 9,000. ಒಟ್ಟು 1,24,876. ಬಡಗಿಗೆ ಎರಡು ದಿನ ಮೀನೂಟ ಬೇರೆ.

ಎರಡನೇ ಮಳೆಗಾಲಕ್ಕೆ ಹ್ಯಾಂಡಲ್ ಮೇಲೆ ಬಿಳಿ ಹುಡಿ, ಆಮೇಲೆ ಗುಳ್ಳೆ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಅಂತ ಹೇಳಿ ಕೊಟ್ಟದ್ದು ಸತುವಿನ ಎರಕ, ಮೇಲೆ ಬರೀ ಪಾಲಿಶ್. ಉಪ್ಪು ಗಾಳಿಗೆ ನಿಲ್ಲಲಿಲ್ಲ. ಡೀಲರ್‌ಗೆ ಫೋಟೋ ಕಳಿಸಿದರೆ "ಸರ್, ನೀವು ಬಟ್ಟೆಯಿಂದ ಒರೆಸಬೇಕಿತ್ತು" ಅಂದ.

ಅದಕ್ಕಿಂತ ದೊಡ್ಡದು ಬ್ಯಾಟರಿ ಕಥೆ. ಒಂದು ಬೀಗಕ್ಕೆ 4 ಪೆನ್ಸಿಲ್ ಸೆಲ್. 18ಕ್ಕೆ 72. ಆಲ್ಕಲೈನ್ ತಾ ಅಂತ ಹುಡುಗನಿಗೆ ಹೇಳಿದ್ದೆ. ಅವನು ಅಂಗಡಿಯಿಂದ ಗಡಿಯಾರಕ್ಕೆ ಹಾಕುವ ಸಾದಾ ಸೆಲ್ ತಂದ. ನಾಲ್ಕೇ ತಿಂಗಳಲ್ಲಿ ಸೋರಿ ಮೂರು ಬೀಗದ ಪತ್ತಿ ಹಸಿರಾಯಿತು. ಬೋರ್ಡ್ ಸಮೇತ ಬದಲಿಸಿದ್ದಕ್ಕೆ 5,400. ಸೆಲ್ ತೆಗೆದು ತುಂಬಾ ಹೊತ್ತು ಬಿಟ್ಟರೆ ಬೀಗದೊಳಗಿನ ಗಡಿಯಾರವೂ ತಪ್ಪುತ್ತದೆ. ಆಗ ಸರಿಯಾದ ಕಾರ್ಡ್ ಇಟ್ಟರೂ ಅವಧಿ ಮುಗಿದಿದೆ ಅಂತ ಕೆಂಪು ಲೈಟ್. ಟೈಮ್ ಸೆಟ್ ಮಾಡುವ ಕಾರ್ಡ್ ಬೇರೆ ಇರುತ್ತದೆ ಅಂತ ನನಗೆ ಗೊತ್ತಾದದ್ದು ರಾತ್ರಿ ಒಂದೂವರೆಗೆ, ಗಿರಾಕಿ ಬೈಯುತ್ತಾ ನಿಂತಿದ್ದಾಗ.

ಆದರೂ ಕಾರ್ಡೇ ಹಾಕಿಸಿ.

ಕುಕ್ಕೆ ರೂಮ್ಸ್:
ನಾನು 40 ರೂಮಿಗೆ ಕಾರ್ಡ್ ಹಾಕಿಸಿ, 14 ತಿಂಗಳಿಗೆ ತೆಗೆಸಿ, ವಾಪಸ್ ಕೀಗೆ ಬಂದವನು. ನಾಚಿಕೆ ಇಲ್ಲದೆ ಹೇಳುತ್ತೇನೆ.

ನಮ್ಮಲ್ಲಿ ಬರುವವರು ಸುಬ್ರಹ್ಮಣ್ಯ ಭಕ್ತರು. ಒಂದು ರೂಮಿಗೆ ಎಂಟು ಜನ. ಮಗ ಕಾರ್ಡ್ ಕಿತ್ತುಕೊಂಡು ಆಶ್ಲೇಷ ಬಲಿಗೆ ಹೋದ. ಒಳಗೆ ಅಜ್ಜಿ, ಬಾಣಂತಿ, ಮಗು. ಫ್ಯಾನ್ ಬಂದ್. ಅಜ್ಜಿ ಕೆಳಗೆ ಇಳಿದು ಬಂದು "ಕರೆಂಟ್ ಹೋಯ್ತು" ಅಂತ ಗಲಾಟೆ. ಎನರ್ಜಿ ಸೇವರ್ ಅಂದರೆ ಇದು. ಎರಡನೇ ಕಾರ್ಡ್ ಕೊಟ್ಟರೆ ಅದನ್ನು ಸ್ವಿಚ್‌ನಲ್ಲೇ ಬಿಟ್ಟು ಹೋಗುತ್ತಾರೆ. ಮತ್ತೇನು ಉಳಿತಾಯ ಆಯಿತು? ಕೊನೆಗೆ ಜನ ರೇಷನ್ ಕಾರ್ಡ್, ಬಸ್ ಪಾಸು, ಮದುವೆ ಆಮಂತ್ರಣ ಹರಿದು ಮಡಚಿ ತುರುಕಲು ಶುರು ಮಾಡಿದರು. ಎಲ್ಲದಕ್ಕೂ ಲೈಟ್ ಹತ್ತಿತು!

ಇನ್ನೊಂದು. ಈ ಬೀಗ ಬಾಗಿಲು ಎಳೆದರೆ ತಾನೇ ಬೀಳುತ್ತದೆ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಟ್ಟೆ ಒಣಹಾಕಲು ಬಂದವರು ಹೊರಗೆ, ಕಾರ್ಡ್ ಒಳಗೆ. ಷಷ್ಠಿ ದಿನ ಒಂದೇ ದಿನದಲ್ಲಿ 11 ಸಲ, ಎಲ್ಲಾ ಬಾಗಿಲೂ ತೆಗೆಯುವ ಮಾಸ್ಟರ್ ಕಾರ್ಡ್ ಹಿಡಿದು ಮೆಟ್ಟಿಲು ಹತ್ತಿದ್ದೇನೆ. ನನಗೆ ಮಂಡಿ ನೋವು ಶುರುವಾದದ್ದು ಅಲ್ಲಿಂದ. 40 ಬೀಗ ಗೋಡೌನ್‌ನಲ್ಲಿದೆ, ಬೇಕಾದವರು ಒಯ್ಯಬಹುದು.

ಮೈಸೂರು ಅಳಿಯ:
ಸ್ವಾಮಿ, ನೀವಿಬ್ಬರೂ ಹಾಕಿಸಿದ್ದು ಯಾವ ಕಾರ್ಡ್ ಅಂತ ಮೊದಲು ಹೇಳಿ. ಮೈಫೇರ್ ಕ್ಲಾಸಿಕ್ ಅನ್ನುವ ಹಳೇ ಜಾತಿಯ ಕಾರ್ಡ್ ತಾನೇ? ಅದರ ಗುಪ್ತಲಿಪಿ 2008ರಲ್ಲೇ ಒಡೆದಿದೆ. ಇವತ್ತು ಆ ಕಾರ್ಡ್ ನಕಲು ಮಾಡಲು ಕಾಲೇಜು ಹುಡುಗ ಸಾಕು.

ನಾನು ಸಾಫ್ಟ್‌ವೇರ್ ಬಿಟ್ಟು ಮಾವನ ಹೋಟೆಲ್ ನೋಡಿಕೊಳ್ಳುತ್ತಿದ್ದೇನೆ. ಬೀಗ ಕೊಳ್ಳುವ ಮೊದಲು ಆರು ತಿಂಗಳು ಓದಿದೆ. 2012ರಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಅನ್ನುವ ಕಂಪ್ಯೂಟರ್ ಭದ್ರತೆಯ ಸಭೆಯಲ್ಲಿ ಕೋಡಿ ಬ್ರೋಸಿಯಸ್ ಅನ್ನುವವರು ಆನಿಟಿ ಕಂಪನಿಯ ಹೋಟೆಲ್ ಬೀಗದ ಕೆಳಗಿನ ತೂತಿಗೆ ಸಣ್ಣ ಬೋರ್ಡ್ ಸಿಕ್ಕಿಸಿ ಬಾಗಿಲು ತೆಗೆಯುವುದು ತೋರಿಸಿದರು. ಅದೇ ವರ್ಷ ಹ್ಯೂಸ್ಟನ್‌ನ ಹೋಟೆಲಿನಲ್ಲಿ ಕಳ್ಳತನ ಆಯಿತು. 2024ರ ಮಾರ್ಚ್‌ನಲ್ಲಿ ಸಾಫ್ಲಾಕ್ ಬೀಗದ ದೋಷ ಹೊರಗೆ ಬಂತು. 131 ದೇಶ, 30 ಲಕ್ಷಕ್ಕೂ ಹೆಚ್ಚು ಬಾಗಿಲು. ಒಂದು ರೂಮಿನ ಕಾರ್ಡ್ ಸಿಕ್ಕರೆ ಸಾಕು. ಅದರಿಂದ ಎರಡು ನಕಲಿ ಕಾರ್ಡ್ ಮಾಡಿ, ಒಂದರ ಹಿಂದೆ ಒಂದು ತೋರಿಸಿದರೆ ಆ ಹೋಟೆಲಿನ ಯಾವ ಬಾಗಿಲಾದರೂ ತೆರೆಯುತ್ತಿತ್ತು. ಹೆಸರಾಂತ ಕಂಪನಿಗಳದ್ದೇ ಹೀಗಾದರೆ 4,200 ರೂಪಾಯಿ ಬೀಗದ ಗತಿ?

ನಾನು ಡೆಸ್‌ಫೈರ್ ಅನ್ನುವ, ನಕಲು ಮಾಡಲು ಕಷ್ಟವಾದ ಕಾರ್ಡ್ ಓದುವ ಬೀಗವನ್ನೇ ತಂದೆ. ಒಂದಕ್ಕೆ 14,500, 30 ರೂಮಿಗೆ 4,35,000. ಜಿಎಸ್‌ಟಿ ಸೇರಿ 5,13,300. ಮಾವ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ.

ಕುಕ್ಕೆ ರೂಮ್ಸ್:
ನಮ್ಮ ಲಾಡ್ಜಿಗೆ ಕಳ್ಳ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವುದಿಲ್ಲ ಮಾರಾಯ್ರೇ. ಟವೆಲ್ ಹಿಡಿದುಕೊಂಡು ಹೋಗುತ್ತಾನೆ. 5 ಲಕ್ಷಕ್ಕೆ ಎಷ್ಟು ಟವೆಲ್ ಬರುತ್ತದೆ ಲೆಕ್ಕ ಹಾಕಿ.

ಕಡಲತೀರ 18:
ಅಳಿಯಂದಿರೇ, ದಸರಾದಲ್ಲಿ ನಿಮ್ಮ ಹೋಟೆಲಿನಲ್ಲಿ ಒಂದೂವರೆ ದಿನ ಕಾರ್ಡೇ ಬರೆಯಲು ಆಗಲಿಲ್ಲ ಅಂತ ಹೋದ ವರ್ಷ ನೀವೇ ಇಲ್ಲಿ ಅತ್ತಿದ್ದಿರಲ್ಲ. ಅದನ್ನೂ ಹೇಳಿ.

ಮೈಸೂರು ಅಳಿಯ:
ಹೇಳುತ್ತೇನೆ, ಮುಚ್ಚಿಡುವುದೇನಿದೆ? ಅಷ್ಟಮಿ ದಿನ ರಿಸೆಪ್ಷನ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಲೈಸೆನ್ಸ್ ಆ ಒಂದು ಕಂಪ್ಯೂಟರಿಗೇ ಕಟ್ಟಿತ್ತು. ಬ್ಯಾಕಪ್ ನಾನು ತೆಗೆದಿರಲಿಲ್ಲ, ತಪ್ಪು ನನ್ನದು. ಒಳಗಿದ್ದವರ ಕಾರ್ಡ್ ನಡೆಯುತ್ತಿತ್ತು, ಹೊಸಬರಿಗೆ ಕೊಡಲು ಆಗುತ್ತಿರಲಿಲ್ಲ. ಆಸ್ಟ್ರಿಯಾದ ಒಂದು ಹೋಟೆಲಿಗೂ ಹೀಗೇ ಆದದ್ದು 2017ರಲ್ಲಿ ಸುದ್ದಿಯಾಗಿತ್ತು. ಅಲ್ಲಿ ಹ್ಯಾಕರ್‌ಗಳು ಕಂಪ್ಯೂಟರ್ ಹಿಡಿದಿಟ್ಟುಕೊಂಡು ಸುಮಾರು 1,500 ಯೂರೋ ಕಿತ್ತರು. ನನಗೆ ಹ್ಯಾಕರ್ ಬೇಕಾಗಲಿಲ್ಲ. ಒಂಬತ್ತು ಕುಟುಂಬಕ್ಕೆ ಹುಡುಗರೇ ಹೋಗಿ ಬಾಗಿಲು ತೆಗೆದು ಕೊಟ್ಟರು. ಇಬ್ಬರು ಬುಕಿಂಗ್ ಸೈಟಿನಲ್ಲಿ ಒಂದು ಸ್ಟಾರ್ ಹಾಕಿದರು. ಅದು ಈಗಲೂ ಇದೆ.

ಆದರೆ ಅದು ಕಂಪ್ಯೂಟರಿನ ತಪ್ಪು, ಬೀಗದ್ದಲ್ಲ.

ಕೊಡಗಿನ ತೋಟ:
ಕಾರ್ಡಿನವರ ಜಗಳ ನೋಡಿ ನಗು ಬರುತ್ತಿದೆ. ನಮ್ಮ ಹೋಮ್‌ಸ್ಟೇಯಲ್ಲಿ 6 ರೂಮಿಗೂ ನಂಬರ್ ಬೀಗ. ಎನ್‌ಕೋಡರ್ ಇಲ್ಲ, ಕಂಪ್ಯೂಟರ್ ಇಲ್ಲ, ಕಾರ್ಡ್ ಕಳೆಯುವ ಮಾತೇ ಇಲ್ಲ. ಬುಕಿಂಗ್ ಆದರೆ ವಾಟ್ಸಾಪ್‌ನಲ್ಲಿ ನಂಬರ್ ಹೋಗುತ್ತದೆ. ಬೆಂಗಳೂರಿನಿಂದ ರಾತ್ರಿ 12ಕ್ಕೆ ಬರಲಿ, ನಾನು ಮಲಗಿರುತ್ತೇನೆ.

ಎಡವಿಲ್ಲ ಅಂತಲ್ಲ. ಒಂದು ಕುಟುಂಬಕ್ಕೆ ಮಡಿಕೇರಿ ದಾಟಿದ ಮೇಲೆ ನೆಟ್‌ವರ್ಕ್ ಇಲ್ಲ, ಮೆಸೇಜ್ ಬಂದಿಲ್ಲ. ಮಳೆಯಲ್ಲಿ ವರಾಂಡದಲ್ಲಿ ಕೂತಿದ್ದರು, ಮಗುವಿನ ಕಾಲಿಗೆ ಜಿಗಣೆ. ಈಗ ನಂಬರ್ ಒಂದು ದಿನ ಮೊದಲೇ ಕಳಿಸಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. ಇನ್ನೊಬ್ಬರು ಬರುವುದು ಒಂದು ದಿನ ತಡವಾಯಿತು. ನನ್ನ ಬೀಗದಲ್ಲಿ ಅವಧಿ ಶುರುವಾಗಿ 24 ಗಂಟೆಯೊಳಗೆ ಒಂದು ಸಲವಾದರೂ ಒತ್ತದಿದ್ದರೆ ಆ ನಂಬರ್ ಸತ್ತುಹೋಗುತ್ತದೆ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಸರಿ, ಪುಸ್ತಕದಲ್ಲಿತ್ತು, ನಾನು ಓದಿರಲಿಲ್ಲ.

ಕಡಲತೀರ 18:
6 ರೂಮಿನವರು 24 ರೂಮಿನವರಿಗೆ ಬುದ್ಧಿ ಹೇಳುವುದು!

ಕೊಡಗಿನ ತೋಟ:
ನನ್ನ ಹ್ಯಾಂಡಲ್ ತುಕ್ಕು ಹಿಡಿದಿಲ್ಲ ಸರ್.

ನೈಟ್ ಶಿಫ್ಟ್ ಹೊಸಪೇಟೆ:
ನಾನು ಮಾಲೀಕ ಅಲ್ಲ. 9 ವರ್ಷದಿಂದ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ. ನೀವೆಲ್ಲ ದುಡ್ಡಿನ ಲೆಕ್ಕ ಹೇಳಿದಿರಿ, ನಾನು ಬೇರೆ ಹೇಳುತ್ತೇನೆ.

ಹಂಪಿ ನೋಡಲು ಬಂದ ಒಬ್ಬ ಮೇಡಂ, ಸಂಜೆ ವಾಪಸ್ ಬಂದು ಎರಡೆಳೆ ಸರ ಕಾಣೆ ಅಂದರು. ಅವರ ಬೆರಳು ನೇರ ರೂಮ್ ಬಾಯ್ ಕಡೆ. ಹುಡುಗ ಕೂಡ್ಲಿಗಿ ಕಡೆಯವನು, 20 ವರ್ಷ, ಗಡಗಡ ನಡುಗುತ್ತಿದ್ದ. ಮಾಲೀಕರು ಆಗಲೇ ಅವನ ಜೇಬು ತಪಾಸಣೆ ಮಾಡಿದ್ದರು. ನಾನು ಡೇಟಾ ಕಾರ್ಡ್ ಒಯ್ದು ಬೀಗದಿಂದ ಯಾವ ಕಾರ್ಡ್ ಯಾವಾಗ ಬಾಗಿಲು ತೆಗೆದಿದೆ ಅನ್ನುವ ದಾಖಲೆ ಇಳಿಸಿಕೊಂಡು ಪ್ರಿಂಟ್ ತೆಗೆದೆ. ಬೆಳಗ್ಗೆ 9:10ಕ್ಕೆ ಗೆಸ್ಟ್ ಕಾರ್ಡ್. ಆಮೇಲೆ ಸಂಜೆ 6:40ಕ್ಕೆ ಅದೇ ಗೆಸ್ಟ್ ಕಾರ್ಡ್. ನಡುವೆ ಯಾರೂ ಬಾಗಿಲು ತೆಗೆದಿಲ್ಲ. ಅವತ್ತು ಅವರೇ ಕ್ಲೀನಿಂಗ್ ಬೇಡ ಅಂದಿದ್ದರು. ಸರ ಅವರ ಮೇಕಪ್ ಚೀಲದಲ್ಲೇ ಇತ್ತು. ಹುಡುಗನಿಗೆ ಯಾರೂ ಸಾರಿ ಹೇಳಲಿಲ್ಲ, ಅದು ಬೇರೆ ಮಾತು.

ಆದ್ದರಿಂದ ಕುಕ್ಕೆಯವರೇ, ನೀವು ಕೀಗೆ ವಾಪಸ್ ಹೋದದ್ದು ನಿಮ್ಮ ಹುಡುಗರಿಗೆ ಒಳ್ಳೇದಲ್ಲ. ಕೀ ಸಾಕ್ಷಿ ಹೇಳುವುದಿಲ್ಲ. ಮತ್ತೆ, ಎಲ್ಲಾ ಹುಡುಗರಿಗೂ ಒಂದೇ ಮಾಸ್ಟರ್ ಕಾರ್ಡ್ ಕೊಡುವವರು ಈ ಬೀಗ ತರುವುದೇ ದಂಡ. ಒಬ್ಬೊಬ್ಬನಿಗೆ ಅವನ ಫ್ಲೋರಿನ ಕಾರ್ಡ್ ಅವನ ಹೆಸರಲ್ಲೇ ಬರೆಯಿರಿ. ಕ್ಯಾಪ್ ಕೆಳಗೆ ಬಚ್ಚಿಟ್ಟಿರುವ ತೂತಿಗೆ ಹಾಕುವ ಎಮರ್ಜೆನ್ಸಿ ಕೀ ಎಲ್ಲಾ ಬಾಗಿಲಿಗೂ ಒಂದೇನಾ ಅಂತಲೂ ಕೇಳಿ. ಕೆಲವು ಸೆಟ್‌ಗಳಲ್ಲಿ ಒಂದೇ ಇರುತ್ತದೆ. ಆ ಕೀ ದಾಖಲೆಯಲ್ಲಿ ಬೀಳುವುದಿಲ್ಲ.

ಕುಕ್ಕೆ ರೂಮ್ಸ್:
ನನ್ನ ಹುಡುಗರ ಮೇಲೆ ನನಗೆ ನಂಬಿಕೆ ಇದೆ. ಮೆಷಿನ್ ನೋಡಿ ನಂಬುವ ಅಭ್ಯಾಸ ಇಲ್ಲ.

ನೈಟ್ ಶಿಫ್ಟ್ ಹೊಸಪೇಟೆ:
ನಮ್ಮ ಮಾಲೀಕರೂ ಜೇಬು ತಡಕುವ ಹಿಂದಿನ ದಿನದವರೆಗೆ ಹಾಗೇ ಹೇಳುತ್ತಿದ್ದರು.

ಹುಬ್ಬಳ್ಳಿ ಹಾರ್ಡ್‌ವೇರ್:
ಸಾಗರದವರೇ, ಉತ್ತಮ ಕ್ವಾಲಿಟಿ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಬೀಗ ನಮ್ಮಲ್ಲಿದೆ. ಅಸಲಿ ಹೌದೋ ಅಲ್ಲವೋ ಗೊತ್ತಾಗಲು ಮ್ಯಾಗ್ನೆಟ್ ಹಿಡಿಯಿರಿ, ಅಂಟದಿದ್ದರೆ ಅಸಲಿ. ರೇಟಿಗೆ ಪರ್ಸನಲ್ ಮೆಸೇಜ್ ಮಾಡಿ.

ಕಡಲತೀರ 18:
ಸತುವಿಗೂ ಮ್ಯಾಗ್ನೆಟ್ ಅಂಟುವುದಿಲ್ಲ ರೀ! ಇದೇ ಮಾತು ಕೇಳಿ ನಾನು ಹಾಳಾದದ್ದು. ನನ್ನ ಡೀಲರೂ ಕಣ್ಣೆದುರೇ ಮ್ಯಾಗ್ನೆಟ್ ಹಿಡಿದು ತೋರಿಸಿದ್ದ. ಅಡ್ಮಿನ್, ಇವರನ್ನು ತೆಗೆಯಿರಿ.

ಹುಬ್ಬಳ್ಳಿ ಹಾರ್ಡ್‌ವೇರ್:
ಸಹಾಯ ಮಾಡಲು ಬಂದೆ. ಬೇಡ ಅಂದರೆ ಬಿಡಿ.

ಮೈಸೂರು ಅಳಿಯ:
ಕಾರ್ಡ್ ಕಳೆದರೆ ಎಷ್ಟು ದಂಡ ಹಾಕುತ್ತೀರಿ? ನಾನು 300.

ಕೊಡಗಿನ ತೋಟ:
22 ರೂಪಾಯಿ ಪ್ಲಾಸ್ಟಿಕ್‌ಗೆ 300. ಹಗಲು ದರೋಡೆ.

ಮೈಸೂರು ಅಳಿಯ:
ನನ್ನದು 22ರದ್ದಲ್ಲ. ಮತ್ತು ಬರೀ ಪ್ಲಾಸ್ಟಿಕ್‌ಗಲ್ಲ, ಭಯಕ್ಕೆ. ದಂಡ ಇಲ್ಲದಿದ್ದರೆ ಮಕ್ಕಳು ಆಟಕ್ಕೆ ಒಯ್ಯುತ್ತಾರೆ.

ಕುಕ್ಕೆ ರೂಮ್ಸ್:
ನಾನು ಕೀ ಕೊಡುವಾಗ ಡಿಎಲ್ ಒರಿಜಿನಲ್ ಇಟ್ಟುಕೊಳ್ಳುತ್ತೇನೆ. ಕೀ ಕೊಟ್ಟರೆ ಡಿಎಲ್. ಇವತ್ತಿನವರೆಗೆ ಒಂದೂ ಕಳೆದಿಲ್ಲ.

ನೈಟ್ ಶಿಫ್ಟ್ ಹೊಸಪೇಟೆ:
ಗಿರಾಕಿ ಕಾರು ಓಡಿಸಬೇಕಲ್ಲ ಸರ್, ಪೊಲೀಸ್ ಹಿಡಿದರೆ ನಿಮ್ಮ ಲಾಡ್ಜ್ ರಸೀದಿ ತೋರಿಸುತ್ತಾರಾ? ಜೆರಾಕ್ಸ್ ಸಾಕು.

ಕುಕ್ಕೆ ರೂಮ್ಸ್:
ಸಂಬಳಕ್ಕೆ ಇರುವವರಿಗೆ ಎಲ್ಲಾ ಸುಲಭ.

ನೈಟ್ ಶಿಫ್ಟ್ ಹೊಸಪೇಟೆ:
ಆ ಸಂಬಳದ ಬಗ್ಗೆಯೂ ಇಲ್ಲೇ ಮಾತಾಡೋಣವಾ?

ಸಾಗರದ ಲಾಡ್ಜ್:
ದಯವಿಟ್ಟು ಜಗಳ ಬೇಡ. ನನ್ನ 32 ಮಿ.ಮೀ. ಬಾಗಿಲಿನ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ.

ಕಡಲತೀರ 18:
ನನ್ನದು 40 ಮಿ.ಮೀ. ಇತ್ತು, ಆ ತಾಪತ್ರಯ ಬರಲಿಲ್ಲ.

ನೈಟ್ ಶಿಫ್ಟ್ ಹೊಸಪೇಟೆ:
ನಮ್ಮ ಹಿಂದಿನ ಲಾಡ್ಜಿನಲ್ಲಿ 32ರದ್ದೇ. ಬೀಗದ ಡಬ್ಬ ಬಾಗಿಲ ಅಂಚಿನೊಳಗೆ ಇಳಿಯಬೇಕು. ಕೊರೆದ ಮೇಲೆ ಎರಡೂ ಬದಿ ಉಳಿಯುವುದು ಬಿಸ್ಕತ್ತಿನಷ್ಟು ಮರ. ಮೂರು ಬಾಗಿಲು ಸೀಳಿತು. ಆಮೇಲೆ ಒಳಬದಿಗೆ 6 ಮಿ.ಮೀ. ಪ್ಲೈವುಡ್ ಪಟ್ಟಿ ಹೊಡೆಸಿ ದಪ್ಪ ಮಾಡಿದೆವು. ನೋಡಲು ಚೆನ್ನಾಗಿಲ್ಲ, ನಡೆಯುತ್ತಿದೆ. ಬೀಗ ಕೊಳ್ಳುವ ಮೊದಲು ಒಂದೇ ಒಂದು ತರಿಸಿ, ಒಂದು ಬಾಗಿಲಿಗೆ ಹಾಕಿ ನೋಡಿ. ಎಡ ಬಾಗಿಲು, ಬಲ ಬಾಗಿಲು ಎಣಿಸಿ ಆರ್ಡರ್ ಕೊಡಿ.

ಉಬ್ಬುವುದಕ್ಕೆ ಎಲೆಕ್ಟ್ರಾನಿಕ್ ಏನೂ ಮಾಡುವುದಿಲ್ಲ. ಕಾರ್ಡ್ ತೋರಿಸಿದಾಗ ಒಳಗಿನ ಸಣ್ಣ ಮೋಟರ್ ಹ್ಯಾಂಡಲ್‌ಗೆ ಹಿಡಿತ ಕೊಡುತ್ತದೆ ಅಷ್ಟೇ. ಬೀಗದ ನಾಲಿಗೆ ಎಳೆಯುವುದು ಗಿರಾಕಿಯ ಕೈ. ಬಾಗಿಲು ಉಬ್ಬಿ ನಾಲಿಗೆ ಚೌಕಟ್ಟಿನ ಪಟ್ಟಿಗೆ ಒತ್ತಿಕೊಂಡರೆ ಹಸಿರು ಲೈಟ್ ಬಂದರೂ ಬಾಗಿಲು ಬರುವುದಿಲ್ಲ. ಬೀಗ ಕೆಟ್ಟಿದೆ ಅನ್ನುತ್ತಾರೆ. ಪಟ್ಟಿಯ ತೂತನ್ನು ಎರಡು ಮೂರು ಮಿ.ಮೀ. ಅರದಿಂದ ಉಜ್ಜಿ ಅಗಲ ಮಾಡಿಸಿ. ಬಡಗಿಯನ್ನು ಬೇಸಿಗೆಯಲ್ಲಿ ಕರೆಸಬೇಡಿ, ಆಗಸ್ಟ್‌ನಲ್ಲಿ ಕರೆಸಿ. ಬೇಸಿಗೆಯಲ್ಲಿ ಎಲ್ಲಾ ಬಾಗಿಲೂ ಒಳ್ಳೆಯವೇ.

ಕಡಲತೀರ 18:
ಹಲಸಿನ ಬಾಗಿಲಿಗೆ ತೂತು ಹಾಕಬೇಡಿ, ಪಾಪ. ಅಂಥ ಮರ ಈಗ ಸಿಗುವುದಿಲ್ಲ.

ಕೊಡಗಿನ ತೋಟ:
ಇದೊಂದು ಮಾತು ಒಪ್ಪಿದೆ. ಅಂದಹಾಗೆ ಆ ಹಿತ್ತಾಳೆ ಬಿಲ್ಲೆ ಏನು ಮಾಡುತ್ತೀರಿ? ಹೋಮ್‌ಸ್ಟೇ ಗೋಡೆಗೆ ನೇತುಹಾಕಲು ಒಂದು ಹತ್ತು ಕೊಡುತ್ತೀರಾ? ತೂಕದ ರೇಟಿಗಿಂತ ಜಾಸ್ತಿ ಕೊಡುತ್ತೇನೆ.

ಸಾಗರದ ಲಾಡ್ಜ್:
ಬಿಲ್ಲೆ ಮಾರುವುದಿಲ್ಲ, ಅಮ್ಮ ಬೈಯುತ್ತಾರೆ. ಸದ್ಯ ಮೇಲಿನ 14ರಲ್ಲಿ ಒಂದಕ್ಕೆ ಕಾರ್ಡ್ ಬೀಗ ತರಿಸಿ ನೋಡುತ್ತೇನೆ, ಕೆಳಗಿನ ಹತ್ತು ಹಾಗೇ ಇರಲಿ. ಇನ್ನೊಂದು ವಿಷಯ. 108ರ ಕೀ ಇವತ್ತು ಬಾಗಲಕೋಟೆಯಿಂದ ಕೊರಿಯರ್‌ನಲ್ಲಿ ಬಂತು. ಬಿಲ್ಲೆ ಇಲ್ಲ. ಇಟ್ಟುಕೊಂಡಿದ್ದಾರೆ.

ಕುಕ್ಕೆ ರೂಮ್ಸ್:
ಕೊರಿಯರ್ ಚಾರ್ಜ್ ಯಾರು ಕೊಟ್ಟಿದ್ದು?